ಗ್ಯಾರೇಜ್ ಪ್ರಶ್ನೋತ್ತರ: ಪೇಂಟ್ ಡಬ್ಬ ಆಮೇಲೆ ತೆಗೆಯಿರಿ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹಳೇ ಸ್ಪೋರ್ಟ್ಸ್ ಕಾರಿನ ವಿಚಾರ. ಸುತ್ತಿ ಬಳಸಿ ಎಲ್ಲರದ್ದೂ ಒಂದೇ ಪ್ರಶ್ನೆ: ದುಡ್ಡು ಹಾಕಿ ಸರಿಮಾಡಿಸಿ ಮಾರಬೇಕಾ, ಇದ್ದ ಹಾಗೇ ಮಾರಬೇಕಾ? ಬೈಕು, ಜೀಪಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಜೀಪಿನವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮ್ಮ ತಂದೆ ಒಬ್ಬ ಬ್ರಿಟಿಷ್ ಪ್ಲಾಂಟರ್ ಕೈಯಿಂದ ಕೊಂಡಿದ್ದ 1951ರ ಎಂಜಿ ಟಿಡಿ (ಎರಡು ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು) ಕಾಫಿ ಗೋಡೌನಿನಲ್ಲಿ ನಿಂತಿದೆ. ತಂದೆ ಓಡಿಸೋದು ಬಿಟ್ಟ ಮೇಲೆ ಯಾರೂ ಮುಟ್ಟಿಲ್ಲ. ಇಂಜಿನ್ ತಿರುಗುತ್ತಿಲ್ಲ, ಬಾಗಿಲು ಜೋಲುತ್ತದೆ. ಬ್ರೋಕರ್ ಒಬ್ಬರು ಬಂದು, "ಗುಜರಿ ಇದು ಅಣ್ಣಾ, ಇದ್ದ ಹಾಗೇ ಕೊಡಿ, ನಾಳೆನೇ ಲಾರಿ ತರ್ತೀನಿ" ಅಂದರು. ಮಗ ಮಾತ್ರ, "ಕೆಂಪು ಪೇಂಟ್ ಹೊಡೆಸಿ ಹೊಸ ಸೀಟ್ ಹಾಕಿಸಿದರೆ ಮೂರು ಪಟ್ಟು ಬರುತ್ತೆ" ಅಂತಾನೆ. ಯಾರ ಮಾತು ಕೇಳಲಿ?
– ಓದುಗರು, ಸಕಲೇಶಪುರ

ಉತ್ತರ: ಇಬ್ಬರ ಮಾತೂ ಬೇಡ ಸಾರ್. ಗುಜರಿಗೆ ಹೋಗೋ ಗಾಡಿಗೆ ಯಾರೂ ನಾಳೆನೇ ಲಾರಿ ತರಲ್ಲ. ಆ ಅವಸರದಲ್ಲೇ ನಿಮ್ಮ ಕಾರಿನ ಬೆಲೆ ಗೊತ್ತಾಗುತ್ತೆ.

ಮೊದಲು ಕಾರನ್ನು ತೊಳೆಯಬೇಡಿ. ಧೂಳು ಇದ್ದ ಹಾಗೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬಾನೆಟ್ ಎತ್ತಿ, ಸೀಟ್ ತೆಗೆದು, ಕೆಳಗೆ ಬಗ್ಗಿ ಫೋಟೋ ತೆಗೆಯಿರಿ. ಆಮೇಲೆ ಒಂದು ಟಾರ್ಚ್ ಹಿಡಿದು ಇಂಜಿನ್ ಮೇಲೆ ಹಿತ್ತಾಳೆ ಬಿಲ್ಲೆ ಹುಡುಕಿ. ಎಂಜಿ ಲಾಂಛನದ ಥರಾನೇ ಅದಕ್ಕೂ ಎಂಟು ಮೂಲೆ. ಅದರ ಮೇಲೆ 'ಎಕ್ಸ್‌ಪಿಎಜಿ' ಅಂತ ಶುರುವಾಗೋ ಇಂಜಿನ್ ನಂಬರ್ ಇರುತ್ತೆ. ಚಾಸಿ ನಂಬರ್ 'ಟಿಡಿ' ಅಂತ ಶುರುವಾಗುತ್ತೆ. ಎರಡನ್ನೂ ಆರ್‌ಸಿ ಪುಸ್ತಕದ ಜೊತೆ ಇಟ್ಟು ನೋಡಿ. ಮೂರೂ ತಾಳೆಯಾದರೆ ನಿಮ್ಮ ಅರ್ಧ ವ್ಯಾಪಾರ ಆದ ಹಾಗೆ. ಆ ಬಿಲ್ಲೆ ಅಂಗೈಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು. "ನೋಡ್ತೀನಿ" ಅಂತ ಬಂದವರು ಬಿಚ್ಚಿಕೊಂಡು ಹೋದ ಉದಾಹರಣೆ ನಮ್ಮ ಕಸುಬಿನಲ್ಲಿ ಬೇಕಾದಷ್ಟಿವೆ. ಬೀಗ ಹಾಕಿಡಿ.

ಈಗ ಇಂಜಿನ್. ಸೆಲ್ಫ್ ಹೊಡೆಯೋದಾಗಲಿ, ಜೀಪಿಗೆ ಕಟ್ಟಿ ಎಳೆಯೋದಾಗಲಿ ಖಂಡಿತ ಬೇಡ. ಮಲೆನಾಡಿನ ಥಂಡಿಗೆ ಪಿಸ್ಟನ್ ರಿಂಗು ಸಿಲಿಂಡರಿನ ಒಳಗೋಡೆಗೆ ಅಂಟಿಕೊಂಡಿರುತ್ತೆ, ಅಷ್ಟೇ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್‌ಗೆ ಅಷ್ಟೇ ಗೇರ್ ಆಯಿಲ್ ಬೆರೆಸಿ (ಆಟೋಮ್ಯಾಟಿಕ್ ಗಾಡಿಗೆ ಹಾಕೋ ತೆಳ್ಳಗಿನ ಕೆಂಪು ಆಯಿಲ್, ದಪ್ಪದ್ದಲ್ಲ) ಒಂದೊಂದು ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಬಿಡಿ. ಕೆಲವು ದಿನ ಬಿಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬರದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯೋದು. ಬಲ ಬೇಡ, ತಾಳ್ಮೆ ಬೇಕು. ತಿರುಗಿದ ಮೇಲೂ ಕೂಡಲೇ ಸ್ಟಾರ್ಟ್ ಮಾಡಬೇಡಿ. ಈ ಇಂಜಿನ್ನಿನ ಆಯಿಲ್ ಪಂಪ್ ತುಂಬಾ ದಿನ ನಿಂತರೆ ಒಣಗಿಬಿಡುತ್ತೆ, ತಾನಾಗಿ ಆಯಿಲ್ ಎಳೆಯಲ್ಲ. ಪಂಪಿಗೆ ಮೊದಲು ಆಯಿಲ್ ತುಂಬಿಸಬೇಕು. ಅದನ್ನು ಬಿಟ್ಟು ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಲ್ಲೇ ಬೇರಿಂಗ್ ಕಥೆ ಮುಗೀತು.

ನಿಮ್ಮೂರಿನ ಮೆಕ್ಯಾನಿಕ್ ಕೈಗೆ ಸ್ಪ್ಯಾನರ್ ಕೊಡೋ ಮುಂಚೆ ಇದೊಂದು ಹೇಳಿ. ಈ ಇಂಜಿನ್ನಿನ ಬೋಲ್ಟುಗಳ ಮರೆ (ಥ್ರೆಡ್) ಮೆಟ್ರಿಕ್, ತಲೆ ಮಾತ್ರ ಇಂಗ್ಲಿಷ್ ವಿಟ್‌ವರ್ತ್ ಅಳತೆ. ಕೇಳಿದವರು ನಗ್ತಾರೆ, ಆದರೆ ನಿಜ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹಾಚ್‌ಕಿಸ್ ಅನ್ನೋ ಫ್ರೆಂಚ್ ಕಂಪನಿಯ ಇಂಜಿನ್ ಕಾರ್ಖಾನೆ ಇತ್ತು. ಆಮೇಲೆ ಎಂಜಿಗೂ ಇಂಜಿನ್ ಮಾಡಿಕೊಟ್ಟ ಮಾರಿಸ್ ಕಂಪನಿ ಅದನ್ನು 1923ರಲ್ಲಿ ಕೊಂಡಿತು. ಮೆಷಿನ್‌ಗಳೆಲ್ಲ ಮೆಟ್ರಿಕ್ ಮರೆ ಕೊರೆಯುವಂಥವು. ಇಂಗ್ಲೆಂಡಿನ ಮೆಕ್ಯಾನಿಕ್‌ಗಳ ಹತ್ತಿರ ಇದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಅದಕ್ಕೇ ಈ ಬೆರಕೆ. ಇಂಜಿನ್, ಗೇರ್ ಬಾಕ್ಸ್ ಬಿಟ್ಟು ಮಿಕ್ಕ ಕಾರಿನಲ್ಲಿ ಮರೆಯೂ ಇಂಗ್ಲಿಷ್. ಸಿಕ್ಕ ಬೋಲ್ಟನ್ನು ಸಿಕ್ಕ ತೂತಿಗೆ ತಿರುಗಿಸಿದರೆ ಬ್ಲಾಕಿನ ಮರೆ ಹೋಗುತ್ತೆ. ಒಂದೊಂದು ಜಾಗದ ಬೋಲ್ಟಿಗೂ ಒಂದೊಂದು ಕವರ್, ಮೇಲೆ ಹೆಸರು ಬರೆದಿಡಲಿ. ಬ್ಯಾಟರಿಯೂ ಉಲ್ಟಾ: ಈ ಕಾರಿನಲ್ಲಿ ಚಾಸಿಗೆ (ಅರ್ತ್ ಆಗಿ) ಸೇರೋದು ಪಾಸಿಟಿವ್ ವೈರು.

ಬಾಗಿಲು ಜೋಲುತ್ತೆ ಅಂದಿರಲ್ಲ, ನನಗೆ ನಿಜಕ್ಕೂ ಚಿಂತೆ ಆಗಿದ್ದು ಅದು. ಟಿಡಿಯ ತಗಡಿನ ಕೆಳಗೆ ಮರದ ಚೌಕಟ್ಟಿದೆ. ಆಶ್ ಮರ, ಕ್ರಿಕೆಟ್ ಸ್ಟಂಪ್ ಮಾಡ್ತಾರಲ್ಲ, ಅದೇ. ಈ ಕಾರಿನ ಬಾಗಿಲಿಗೆ ಕೀಲು ಇರೋದು ಹಿಂದುಗಡೆ. ಬಾಗಿಲು ಪೂರ್ತಿ ತೆಗೆದು ತುದಿ ಹಿಡಿದು ಮೇಲಕ್ಕೆತ್ತಿ. ಕೀಲು ಮಾತ್ರ ಲೊಡಲೊಡ ಅಂದರೆ ಪಿನ್ ಸವೆದಿದೆ, ಸಣ್ಣ ಖರ್ಚು. ಕೀಲಿನ ಜೊತೆ ಹಿಂದಿನ ತಗಡೂ ಅಲ್ಲಾಡಿದರೆ ಒಳಗಿನ ಕಂಬ ಹೋಗಿದೆ. ಒಳಗಡೆಯ ರೆಕ್ಸಿನ್ ಸ್ವಲ್ಪ ಬಿಡಿಸಿ ಮರಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿ. ಟಕ್ ಅಂದರೆ ಸರಿ. ಪುಸ್ ಅಂತ ಒಳಗೆ ಹೋದರೆ ಗೆದ್ದಲು. ನಮ್ಮಪ್ಪನ ಗ್ಯಾರೇಜಿಗೆ ತೋಟಗಳಿಂದ ಬರುತ್ತಿದ್ದ ಟಿಡಿಗಳಲ್ಲಿ ಇದೇ ದೊಡ್ಡ ರೋಗ. ಊರಿನ ಆಚಾರರು ಆ ತುಂಡನ್ನು ತೇಗದಲ್ಲಿ ಮಾಡಿ ಕೂರಿಸಿಬಿಡುತ್ತಿದ್ದರು. ಕೆಲಸ ಚೆನ್ನಾಗೇ ಇರುತ್ತಿತ್ತು. ಆದರೆ ತೇಗದ ಎಣ್ಣೆಗೆ ಗೋಂದು ಸರಿಯಾಗಿ ಹಿಡಿಯಲ್ಲ, ಅದೂ ಅಲ್ಲದೆ ತಿಳಿದವನು ತಗಡಿನ ಹಿಂದೆ ತೇಗ ನೋಡಿದರೆ ರೇಟ್ ಇಳಿಸುತ್ತಾನೆ. ಹೋದ ತುಂಡನ್ನಷ್ಟೇ ಬದಲಾಯಿಸಿ, ಆಶ್ ಮರದಲ್ಲೇ ಮಾಡಿಸಿ, ಹಳೇ ತುಂಡನ್ನು ಎಸೆಯಬೇಡಿ. ಗೆದ್ದಲು ತಿಂದದ್ದಾದರೂ ಕೊಳ್ಳೋರಿಗೆ ತೋರಿಸೋಕೆ ಬೇಕು.

ಇನ್ನು ನಿಮ್ಮ ಮಗನ ಕೆಂಪು ಪೇಂಟ್. ಬೇಡ ಕಣಪ್ಪಾ. ಹೊಸ ಪೇಂಟ್ ನೋಡಿದ ತಕ್ಷಣ ಕೊಳ್ಳೋನ ತಲೇಲಿ ಬರೋ ಪ್ರಶ್ನೆ, ಇದರ ಕೆಳಗೆ ಏನು ಮುಚ್ಚಿದಾರೆ ಅಂತ. ಅವನು ಬಟ್ಟೆ ಸುತ್ತಿದ ಅಯಸ್ಕಾಂತ ತಂದು ಮಡ್‌ಗಾರ್ಡ್ ಮೇಲೆಲ್ಲ ಆಡಿಸ್ತಾನೆ. ಎಲ್ಲಿ ಹಿಡಿಯಲ್ವೋ ಅಲ್ಲಿ ಪುಟ್ಟಿ ದಪ್ಪಗಿದೆ ಅಂತ ಲೆಕ್ಕ. ನಿಮ್ಮ ಕಾರಿನ ಹಳೇ ಬಣ್ಣ ಮಾಸಿದ್ದರೂ ಅದೇ ಸಾಕ್ಷಿ. ಡ್ಯಾಶ್‌ಬೋರ್ಡ್ ಹಿಂದೆ, ನೆಲದ ಹಲಗೆ ಕೆಳಗೆ ನೋಡಿ, ಕಾರ್ಖಾನೆಯ ಬಣ್ಣ ಅಲ್ಲಿ ಉಳಿದಿರುತ್ತೆ. ಒಳ್ಳೇ ಪೇಂಟ್ ಕೆಲಸಕ್ಕೆ ನೀವು ಹಾಕೋ ದುಡ್ಡು ಮಾರಾಟದಲ್ಲಿ ವಾಪಸ್ ಬರೋದು ಅಪರೂಪ. ಕೆಟ್ಟ ಪೇಂಟ್ ಕೆಲಸ ಮಾಡಿಸಿದರೆ ಇದ್ದ ಬೆಲೆಯೂ ಹೋಗುತ್ತೆ.

ನಾನಾದರೆ ಹೀಗೆ ಮಾಡುತ್ತೇನೆ. ಇಂಜಿನ್ ಸ್ಟಾರ್ಟ್ ಆಗೋ ಹಾಗೆ, ಬ್ರೇಕ್ ಹಿಡಿಯೋ ಹಾಗೆ ಮಾಡಿಸುತ್ತೇನೆ. ಬ್ರೇಕ್ ಸಿಲಿಂಡರ್ ತುಕ್ಕು ಹಿಡಿದು ಗುಂಡಿ ಬಿದ್ದಿದ್ದರೆ ಒಳ್ಳೇ ಲೇತಿನವರು ಒಳಗೆ ಸ್ಟೀಲ್ ಸ್ಲೀವ್ ಕೂರಿಸಿಕೊಡುತ್ತಾರೆ, ಹೊರಗಿಂದ ಹಳೇದೇ ಕಾಣುತ್ತೆ. ಪೆಟ್ರೋಲ್ ಟ್ಯಾಂಕ್ ತೊಳೆಸುತ್ತೇನೆ. ಕೀ ತಿರುಗಿಸಿದಾಗ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅಂದು, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಟಿಕ್ ಟಿಕ್ ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಇಷ್ಟಾದ ಮೇಲೆ ಮಾಸಿದ ಬಣ್ಣ, ಹರಿದ ಸೀಟಿನ ಸಮೇತ ಮಾರುತ್ತೇನೆ. 1949ರ ಕೊನೆಯಿಂದ 1953ರವರೆಗೆ ಒಟ್ಟು 29,664 ಟಿಡಿ ತಯಾರಾದವು, ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಹಾಗಾಗಿ ಹೊಸ ಬಿಡಿಭಾಗ ಇವತ್ತಿಗೂ ಇಂಗ್ಲೆಂಡಿನಿಂದ ಸಿಗುತ್ತೆ. ಕೊಂಡವನು ತನಗೆ ಬೇಕಾದ ಹಾಗೆ ಮಾಡಿಸಿಕೊಳ್ಳಲಿ. ಅವನ ಖುಷಿಗೆ ನೀವ್ಯಾಕೆ ದುಡ್ಡು ಹಾಕಬೇಕು?

ಬ್ರೋಕರ್ ಬೇಡ ಅಂತ ನಾನು ಹೇಳಲ್ಲ. ಒಳ್ಳೆಯವರೂ ಇದ್ದಾರೆ. ಆದರೆ ಖಾಲಿ ಫಾರಂ 29, 30ಕ್ಕೆ (ಕಾರನ್ನು ಕೊಂಡವರ ಹೆಸರಿಗೆ ವರ್ಗ ಮಾಡೋ ಅರ್ಜಿಗಳು) ಸೈನ್ ಹಾಕಿ ಯಾರ ಕೈಗೂ ಕೊಡಬೇಡಿ. ಬೆಂಗಳೂರಿನ ವಿಂಟೇಜ್ ಕ್ಲಬ್ಬಿನವರಿಗೆ ಫೋಟೋ ಕಳಿಸಿ. ಅಂಥವರು ನೋಡಿದ ಮೇಲೆ ಬ್ರೋಕರ್ ಕೂಡ ಬೇರೆ ರೇಟ್ ಹೇಳ್ತಾರೆ.

ಪ್ರಶ್ನೆ: ನಮ್ಮ ಮನೆಯ ಹಳೇ ಕಾರಿನ ಆರ್‌ಸಿ ಇನ್ನೂ ತೀರಿಕೊಂಡ ದೊಡ್ಡಪ್ಪನ ಹೆಸರಲ್ಲೇ ಇದೆ. ಹಳೇ ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರ್. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಆ ನಂಬರ್ ಹೋಗುತ್ತಾ? ಮಾರೋಕೆ ತೊಂದರೆ ಆಗುತ್ತಾ?
– ಓದುಗರು, ಮೈಸೂರು

ಉತ್ತರ: ಮೊದಲು ಹೆಸರು ಬದಲಾಯಿಸಿ. ಮಾಲೀಕರು ತೀರಿಕೊಂಡಾಗ ಹಾಕೋ ಅರ್ಜಿ ಫಾರಂ 31. ಅದನ್ನು ಮೂರು ತಿಂಗಳೊಳಗೆ ಹಾಕಬೇಕಿತ್ತು. ನಿಮ್ಮದು ತಡವಾಗಿದೆ, ದಂಡ ಕಟ್ಟಬೇಕಾಗಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮಿಕ್ಕ ವಾರಸುದಾರರ ಒಪ್ಪಿಗೆ ಪತ್ರ ರೆಡಿ ಮಾಡಿಕೊಳ್ಳಿ. ದೊಡ್ಡಪ್ಪನ ಮಕ್ಕಳು ಯಾರು, ಎಲ್ಲಿದ್ದಾರೆ ಅನ್ನೋದು ಆಮೇಲೆ ನೆನಪಾಗೋ ಹಾಗೆ ಆಗಬಾರದು. ಕಾರು ಮಾರಿ ದುಡ್ಡು ಬಂದ ಮರುದಿನ ಅಮೆರಿಕದಿಂದ ಫೋನ್ ಬರುತ್ತೆ.

ನಂಬರ್ ಹೋಗಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಗಾಡಿ ವಿಂಟೇಜ್. ಆಗಲೇ ರಿಜಿಸ್ಟರ್ ಆಗಿರೋ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಬಹುದು. ಹೊಸದಾಗಿ ಮಾಡಿಸೋ ಗಾಡಿಗೆ ಮಾತ್ರ ರಾಜ್ಯದ ಅಕ್ಷರದ ಪಕ್ಕ 'ವಿಎ' ಅಂತ ಬರುತ್ತೆ. ಹೊಸ ರಿಜಿಸ್ಟ್ರೇಷನ್ ಫೀಸು 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ಮತ್ತೆ ಮಾಡಿಸೋಕೆ 5,000. ಮಾರಬಹುದು, ಆದರೆ ಕೊಟ್ಟವರು ಕೊಂಡವರು ಇಬ್ಬರೂ 90 ದಿನದೊಳಗೆ ತಿಳಿಸಬೇಕು.

ಒಂದು ವಿಷಯ ಕೊಳ್ಳೋರಿಗೆ ಮೊದಲೇ ಹೇಳಿಬಿಡಿ. ವಿಂಟೇಜ್ ರಿಜಿಸ್ಟ್ರೇಷನ್ ಆದ ಗಾಡಿಯನ್ನು ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಮದುವೆಗೆ ಬಾಡಿಗೆ ಬಿಡೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಅಂತ ಕನಸು ಕಾಣ್ತಿರೋನಿಗೆ ಇದು ಗೊತ್ತಿರಲ್ಲ.

ಪ್ರಶ್ನೆ: ನನ್ನ ಹತ್ತಿರ 1957ರ ಎಂಜಿಎ ಇದೆ. ಹಿಂದಿನ ಮಾಲೀಕರು ಯಾವಾಗಲೋ ಅಂಬಾಸಿಡರ್ ಇಂಜಿನ್ ಹಾಕಿಸಿದ್ದಾರೆ. ಮಾರುವಾಗ ಹೇಳಬೇಕಾ? ಸ್ನೇಹಿತರು "ಯಾರಿಗೂ ಗೊತ್ತಾಗಲ್ಲ, ಸುಮ್ನಿರು" ಅಂತಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಗೊತ್ತಾಗುತ್ತೆ. ನೋಡೋಕೆ ಮಾತ್ರ ಗೊತ್ತಾಗಲ್ಲ ಅನ್ನೋದು ನಿಜ, ಯಾಕೆಂದರೆ ಎರಡೂ ಒಂದೇ ಮನೆತನದವು. ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್, 1489 ಸಿಸಿ, ಎಂಜಿಎಗೂ ಅದೇ, ನಮ್ಮ ಅಂಬಾಸಿಡರ್‌ಗೂ ಅದೇ. ಎಂಜಿಎಯಲ್ಲಿ ಎರಡು ಎಸ್‌ಯು ಕಾರ್ಬೊರೇಟರ್, ಬೇರೆ ಹೆಡ್ಡು, ಜಾಸ್ತಿ ಕಂಪ್ರೆಶನ್. ಅಂಬಾಸಿಡರ್ ಸಂಸಾರಸ್ಥ, ಒಂದೇ ಕಾರ್ಬೊರೇಟರಿನಲ್ಲಿ ಜೀವನ. ಅದಕ್ಕೇ ಆಗಿನ ಮೇಸ್ತ್ರಿಗಳು ಎಂಜಿಎ ಇಂಜಿನ್ ಕೆಟ್ಟಾಗ ಇಂಗ್ಲೆಂಡಿಗೆ ಕಾಗದ ಬರೆಯದೆ ಟ್ಯಾಕ್ಸಿ ಇಂಜಿನ್ ತಂದು ಇಳಿಸಿಬಿಡುತ್ತಿದ್ದರು. ಬುದ್ಧಿವಂತ ಕೆಲಸವೇ. ಕಾರು ಇಷ್ಟು ದಿನ ಬದುಕಿದ್ದು ಅದರಿಂದಲೇ.

ಆದರೆ ಎಂಜಿಎ 1500ರ ಇಂಜಿನ್ ನಂಬರ್ '15 ಜಿಬಿ' ಅಥವಾ '15 ಜಿಡಿ' ಅಂತ ಬರುತ್ತೆ. ಕೊಳ್ಳೋನು ಮೊದಲು ಬಗ್ಗಿ ನೋಡೋದೇ ಅದನ್ನು. ನೀವು ಸುಮ್ನಿದ್ದು ಅವನಾಗಿ ಕಂಡುಹಿಡಿದರೆ, ಆಮೇಲೆ ನೀವು ಹೇಳೋ ಯಾವ ಮಾತನ್ನೂ ನಂಬಲ್ಲ. ಜಾಹೀರಾತಿನ ಮೊದಲ ಸಾಲಲ್ಲೇ ಹಾಕಿ: ಅಂಬಾಸಿಡರ್ ಇಂಜಿನ್, ಆರ್‌ಸಿಯಲ್ಲಿ ಇರೋ ಇಂಜಿನ್ ನಂಬರ್ ಇಂಥದ್ದು. ಆರ್‌ಸಿಯಲ್ಲಿ ಹಳೇ ನಂಬರೇ ಇದ್ದರೆ ಮಾರೋ ಮುಂಚೆ ಆರ್‌ಟಿಓದಲ್ಲಿ ಅದನ್ನು ಬಗೆಹರಿಸಿ, ನಂಬರ್ ತಾಳೆಯಾಗದ ಕಾರು ಯಾರ ಹೆಸರಿಗೂ ವರ್ಗ ಆಗಲ್ಲ. ಹಿಂದಿನ ಮಾಲೀಕರ ಮನೆಯವರನ್ನು ಒಮ್ಮೆ ವಿಚಾರಿಸಿ. ಮೂಲ ಇಂಜಿನ್ ಬ್ಲಾಕು ಅಟ್ಟದ ಮೇಲೋ ದನದ ಕೊಟ್ಟಿಗೆಯಲ್ಲೋ ಬಿದ್ದಿರುತ್ತೆ. ಸಿಕ್ಕರೆ ಒಡೆದಿದ್ದರೂ ಪರವಾಗಿಲ್ಲ, ಕಾರಿನ ಜೊತೆಗೇ ಕೊಡಿ. ಅದೊಂದು ಕಬ್ಬಿಣದ ಗಡ್ಡೆ ನಿಮ್ಮ ಹೊಸ ಸೀಟು, ಹೊಸ ಟಾಪಿಗಿಂತ ಜಾಸ್ತಿ ದುಡ್ಡು ತರುತ್ತೆ.

ಪ್ರಶ್ನೆ: ಅಕ್ಕಾ, ನಾನು ಇಂಗ್ಲೆಂಡಿನಲ್ಲಿದ್ದೇನೆ. 1971ರ ಎಂಜಿಬಿ ಜಿಟಿ ಕೊಂಡೆ, ವಾರಾಂತ್ಯದಲ್ಲಿ ನಾನೇ ರಿಪೇರಿ ಮಾಡ್ತಿದೀನಿ. ಬಾಗಿಲ ಕೆಳಗಿನ ಸಿಲ್ ಪೂರ್ತಿ ತುಕ್ಕು. ಸರಿಮಾಡಿ ಬೆಂಗಳೂರಿಗೆ ತಂದು ಮಾರಿದರೆ ಲಾಭ ಇದೆಯಾ?
– ಓದುಗರು, ಕೊವೆಂಟ್ರಿ

ಉತ್ತರ: ತರಬೇಡ ಮಾರಾಯಾ. ಹಡಗಿನ ಖರ್ಚು, ಕಸ್ಟಮ್ಸ್ ಎಲ್ಲ ಸೇರಿ ಲಾಭ ಅನ್ನೋ ಮಾತೇ ಇರಲ್ಲ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾಗಿವೆ. ಅಪರೂಪದ ಕಾರಲ್ಲ. ಕೊಳ್ಳೋರು, ಬಿಡಿಭಾಗ, ತಿಳಿದ ಮೆಕ್ಯಾನಿಕ್ ಎಲ್ಲ ಇರೋದು ನೀನಿರೋ ಕಡೆ. ಅಲ್ಲೇ ಮಾರು.

ಸಿಲ್ ಬಗ್ಗೆ ಹುಷಾರು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಸಿಲ್ಲೇ ಬೆನ್ನುಮೂಳೆ. ಬಾಗಿಲಿನ ಚೌಕಕ್ಕೆ ಅಡ್ಡ ಕಬ್ಬಿಣದ ಪಟ್ಟಿ ವೆಲ್ಡ್ ಮಾಡದೆ ಸಿಲ್ ಕತ್ತರಿಸಿದರೆ ಕಾರು ನಡುವೆ ಬಾಗುತ್ತೆ, ಆಮೇಲೆ ಬಾಗಿಲು ಈ ಜನ್ಮದಲ್ಲಿ ಸರಿಯಾಗಿ ಮುಚ್ಚಲ್ಲ. ಕೆಲವರು ಹೊರಗಿನ ಪದರ ಮಾತ್ರ ಹೊಸದು ಹಾಕಿ ಒಳಗಿನ ಎರಡು ಪದರವನ್ನು ಹಾಗೇ ಬಿಡ್ತಾರೆ. ನೀನು ಹಾಗೆ ಮಾಡಬೇಡ. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗು, ಎರಡನ್ನೂ ಒಟ್ಟಿಗೆ ಬಿಚ್ಚಬೇಡ. ಪ್ರತಿ ಹಂತಕ್ಕೂ ಫೋಟೋ ತೆಗೆದಿಡು. ಸಿಲ್ ಮುಚ್ಚಿದ ಮೇಲೆ ಒಳಗೆ ಏನಿದೆ ಅಂತ ತೋರಿಸೋಕೆ ಅದೊಂದೇ ದಾರಿ. ಬಾಡಿಯೇ ಪೂರ್ತಿ ಹೋಗಿದ್ದರೆ ಆಕ್ಸ್‌ಫರ್ಡ್‌ಶೈರ್‌ನ ವಿಟ್ನಿಯಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೇ ಅಚ್ಚುಗಳಲ್ಲೇ ಹೊಸ ಬಾಡಿ ಮಾಡ್ತಾರೆ. ಆದರೆ ಜಿಟಿಗೆ ಅಷ್ಟು ದುಡ್ಡು ಹಾಕಿದರೆ ಮಾರಾಟದಲ್ಲಿ ಹುಟ್ಟಲ್ಲ.

ಓವರ್‌ಡ್ರೈವ್ (ಹೈವೇಯಲ್ಲಿ ಇಂಜಿನ್ ನಿಧಾನ ತಿರುಗೋಕೆ ಇರೋ ಹೆಚ್ಚಿನ ಗೇರು) ಇದ್ದರೆ ಬೆಲೆ ಜಾಸ್ತಿ. ಕೆಲಸ ಮಾಡ್ತಿಲ್ಲ ಅಂದರೆ ಗೇರ್ ಬಾಕ್ಸ್ ಇಳಿಸೋ ಮುಂಚೆ ವೈರು, ಸ್ವಿಚ್ಚು, ಸಾಲೆನಾಯ್ಡ್ ನೋಡು. ಎಷ್ಟೋ ಸಲ ಅಷ್ಟರಲ್ಲೇ ಇರುತ್ತೆ. ಸೀಟಿನ ಹಿಂದೆ ನೆಲದ ಮುಚ್ಚಳ ತೆಗೆದು ಎರಡು 6 ವೋಲ್ಟ್ ಬ್ಯಾಟರಿಗಳ ಪೆಟ್ಟಿಗೆ ನೋಡು, ಅಲ್ಲೂ ತುಕ್ಕಿರುತ್ತೆ. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸು. ಕಾರ್ಖಾನೆ ಬಿಟ್ಟಾಗ ಯಾವ ಬಣ್ಣ, ಯಾವ ಇಂಜಿನ್ ನಂಬರ್ ಅಂತ ಅದರಲ್ಲಿ ಬರೆದಿರುತ್ತೆ. 40 ವರ್ಷ ದಾಟಿದ ಕಾರಿಗೆ ಅಲ್ಲಿ ಎಂಓಟಿ ತಪಾಸಣೆ (ಗಾಡಿ ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ನೋಡೋದು) ಕಡ್ಡಾಯ ಅಲ್ಲ. ಆದರೂ ಮಾರೋ ಮುಂಚೆ ಒಂದು ಸಲ ಮಾಡಿಸಿಬಿಡು. ಹೊಸ ಸಿಲ್ ಮೇಲೆ ಬೇರೆಯವರ ಸೈನ್ ಇದ್ದರೆ ಕೊಳ್ಳೋರಿಗೆ ಧೈರ್ಯ. ಕಾರು ಮಾರಿದ ಲಾಭಕ್ಕೆ ಅಲ್ಲಿ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಇಲ್ಲ. ಲಾಭ ಬಂದರೆ ತಾನೇ ಆ ಮಾತು!

ಪ್ರಶ್ನೆ: ಈಗ ಬಂಕಿನಲ್ಲಿ ಸಿಗೋದೆಲ್ಲ ಇ20 ಪೆಟ್ರೋಲ್ (ಶೇಕಡಾ 20 ಎಥನಾಲ್ ಅನ್ನೋ ಆಲ್ಕೋಹಾಲ್ ಬೆರೆಸಿದ್ದು). ಹಳೇ ಕಾರಿಗೆ ಹಾಕಿದರೆ ಇಂಜಿನ್ ಹಾಳಾಗುತ್ತಂತೆ, ನಿಜಾನಾ?
– ಓದುಗರು, ದಾವಣಗೆರೆ

ಉತ್ತರ: ಇಂಜಿನ್ನಿಗಿಂತ ಮೊದಲು ಹಾಳಾಗೋದು ರಬ್ಬರ್. ಹಳೇ ಪೈಪು, ವಾಷರ್, ಪಂಪಿನ ಡಯಾಫ್ರಮ್ ಎಥನಾಲ್‌ಗೆ ಊದಿಕೊಂಡು ಮೆತ್ತಗಾಗಿ ಸೋರುತ್ತೆ. ಬಿಸಿ ಸೈಲೆನ್ಸರ್ ಮೇಲೆ ಸೋರಿದರೆ ಬೆಂಕಿ. ಹಾಗಾಗಿ ಎಥನಾಲ್ ತಡೆಯೋ ಹೊಸ ಪೈಪು ಎಲ್ಲಾ ಕಡೆ ಹಾಕಿಸಿ, ಎಷ್ಟೇ ಒರಿಜಿನಲ್ ಪ್ರೇಮಿ ಆಗಿದ್ದರೂ ಈ ಒಂದು ವಿಚಾರದಲ್ಲಿ ಹಠ ಬೇಡ. ಎಥನಾಲ್ ನೀರು ಹೀರುತ್ತೆ, ನಿಂತ ಕಾರಿನ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತೆ. ಮಾರೋಕೆ ಅಂತ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಪೆಟ್ರೋಲ್ ಇಳಿಸಿಬಿಡಿ.

ಪ್ರಶ್ನೆ: ನನ್ನ ಹತ್ತಿರ ಸ್ಯಾನ್ ಸ್ಟಾರ್ಮ್ ಇದೆ. ವಿಂಟೇಜ್ ಸ್ಪೋರ್ಟ್ಸ್ ಕಾರ್ ಅಂತ ಜಾಹೀರಾತು ಹಾಕಬಹುದಾ?
– ಓದುಗರು, ಬೆಳಗಾವಿ

ಉತ್ತರ: ಸ್ಪೋರ್ಟ್ಸ್ ಕಾರ್ ಅಂತ ಹಾಕಿ, ವಿಂಟೇಜ್ ಅಂತ ಬೇಡ. 50 ವರ್ಷಕ್ಕೆ ಇನ್ನೂ ಬಹಳ ದೂರ ಇದೆ. ಗೋವಾದಲ್ಲಿ ತಯಾರಾದ, ಎರಡು ಸೀಟಿನ, ರೆನೋ ಇಂಜಿನ್ನಿನ ಈ ಪುಟ್ಟ ಗಾಡಿಯನ್ನು ನೋಡಿದವರೇ ಕಡಿಮೆ, ಅದೇ ಅದರ ಬಂಡವಾಳ. ಬಾಡಿ ಫೈಬರ್, ತುಕ್ಕು ಹಿಡಿಯಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಕೆಳಗಿರೋದು ಕಬ್ಬಿಣ. ಗೋವಾ, ಕಾರವಾರ ಕಡೆಯ ಉಪ್ಪು ಗಾಳಿಯಲ್ಲಿದ್ದ ಗಾಡಿಯಾದರೆ ಲಿಫ್ಟ್ ಮೇಲೆ ಏರಿಸಿ ಕೆಳಗಿನ ಫೋಟೋ ತೆಗೆದು ಜಾಹೀರಾತಿಗೆ ಹಾಕಿ. ಹಿಂದಿನ ಲೈಟು, ಗಾಜು, ಬೀಡಿಂಗ್ ಒಡೆದರೆ ಸಿಗೋದು ಕಷ್ಟ. ಅಪ್ಪಿ ತಪ್ಪಿ ಸ್ಪೇರ್ ಇದ್ದರೆ ಬೇರೆ ಮಾರಬೇಡಿ, ಕಾರಿನ ಜೊತೆಗೇ ಇಟ್ಟು ರೇಟ್ ಹೇಳಿ.